ಸಾವಿತ್ರಮ್ಮನ ಸಾಕ್ಷಿ

ಗಂಡನ ವೀಸಾ ಮೇಲ್ಮನವಿಗೆ ಟ್ರಿಬ್ಯೂನಲ್‌ನಲ್ಲಿ ಹಿಯರಿಂಗ್ ನಿಗದಿಯಾಗಿದೆ ಎಂದು ಅಪರ್ಣ ಮೆಲ್ಬರ್ನ್‌ನಿಂದ ಫೋನ್ ಮಾಡಿದಾಗ, ಸಿಡ್ನಿಯ ಪೆನಂಟ್ ಹಿಲ್ಸ್‌ನ ಮನೆಯಲ್ಲಿ ಸಾವಿತ್ರಮ್ಮ ಗಂಡನಿಗೆ ಎರಡನೇ ಸಲ ಸಾರು ಬಡಿಸುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಉಪ್ಪಿನಕಾಯಿ ಜಾಡಿಗೆ ಒರಗಿಸಿದರು.

"ಅಪ್ಪ ಅಮ್ಮ ಇಬ್ರೂ ಬಂದು ಎರಡು ಮಾತು ಹೇಳಿದ್ರೆ ತುಂಬಾ ಹೆಲ್ಪ್ ಆಗತ್ತೆ ಅಂತ ಲಾಯರ್ ಹೇಳ್ತಿದಾರೆ," ಎಂದಳು ಅಪರ್ಣ.

ಡಾಕ್ಟರ್ ಶ್ರೀಪತಿ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ನನ್ನನ್ನ ಬಿಟ್ಬಿಡು. ನಾನು ಸುಳ್ಳು ಹೇಳೋನಲ್ಲ."

"ನಾನೂ ಸುದರ್ಶನೂ ಗಂಡ ಹೆಂಡತಿ ಅನ್ನೋದು ಸುಳ್ಳಾ ಅಪ್ಪ?"

"ನೀನು ಹೆಂಡತಿ ಅನ್ನೋದು ಗೊತ್ತು. ಅವರು ಗಂಡ ಹೌದೋ ಅಲ್ಲವೋ, ಪಿಆರ್ ಕೈಗೆ ಬಂದ್ಮೇಲೆ ಗೊತ್ತಾಗತ್ತೆ."

ಫೋನು ಕಟ್ಟಾಯಿತು. ಶ್ರೀಪತಿ ಮಜ್ಜಿಗೆ ಕೇಳಿದರು. ಸಾವಿತ್ರಮ್ಮ ಪಾತ್ರೆಯನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದರು.

ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್‌ಗಾಗಿಯೇ ಈ ಮದುವೆ ಎಂಬ ಶ್ರೀಪತಿಯವರ ಸಂಶಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಅಪರ್ಣಳ ಮೊದಲ ಗಂಡ ಜಾಯಿಂಟ್ ಅಕೌಂಟನ್ನು ತಳ ಕಾಣುವಂತೆ ಬಳಿದುಕೊಂಡು ಪರ್ತ್‌ಗೆ ಹೋಗಿಬಿಟ್ಟಿದ್ದ. ಆಗ ಆದ್ಯಾ ಇನ್ನೂ ತೊಟ್ಟಿಲ ಕೂಸು. ಕೆಲವು ವರ್ಷಗಳ ಮೇಲೆ, ಅಪರ್ಣ ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋದಾಗ ಹೋಳಿಗೆ ಬಡಿಸುತ್ತಿದ್ದ ಸುದರ್ಶನನ ಪರಿಚಯವಾಯಿತು. ಗದಗಿನ ಕಡೆಯವನು, ಸ್ಟೂಡೆಂಟ್ ವೀಸಾದಲ್ಲಿ ಬಂದು ಡೀಸೆಲ್ ಮೆಕ್ಯಾನಿಕ್ ಕೋರ್ಸು ಮುಗಿಸಿ ಡ್ಯಾಂಡೆನಾಂಗ್‌ನ ಲಾರಿ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದ. ಇಬ್ಬರೂ ರಿಜಿಸ್ಟರ್ ಮದುವೆಯಾದರು. ಶ್ರೀಪತಿ ಮದುವೆಗೆ ಬರಲಿಲ್ಲ. ಆದರೆ ಕ್ಲೈಡ್ ನಾರ್ತ್‌ನಲ್ಲಿ ಮನೆ ಕೊಳ್ಳಲು ಡಿಪಾಸಿಟ್ ಕೊಟ್ಟರು. ಒಂದೇ ಷರತ್ತು: ಮನೆ, ಬ್ಯಾಂಕು, ಸಾಲ ಎಲ್ಲವೂ ಮಗಳೊಬ್ಬಳ ಹೆಸರಿನಲ್ಲಿ ಇರಬೇಕು. ಒಮ್ಮೆ ಸುಟ್ಟುಕೊಂಡಿದ್ದ ಅಪರ್ಣ ಒಪ್ಪಿಕೊಂಡಳು. ಸುದರ್ಶನ ತನ್ನ ಸಂಬಳದಲ್ಲಿ ದಿನಸಿ, ಕರೆಂಟು, ಆದ್ಯಾಳ ಸ್ವಿಮ್ಮಿಂಗ್ ಕ್ಲಾಸು ನೋಡಿಕೊಂಡು, ಉಳಿದದ್ದನ್ನು ಊರಿಗೆ, ತಾಯಿ ರತ್ನವ್ವನಿಗೆ ಕಳಿಸುತ್ತಿದ್ದ.

ಅಪರ್ಣಳ ಗಂಡನೆಂದು ಅವನು ಕೇಳಿದ್ದ ಪಾರ್ಟ್‌ನರ್ ವೀಸಾ ತಿರಸ್ಕಾರವಾದದ್ದು ಅದೇ ಕಾರಣಕ್ಕೆ. ಇಬ್ಬರ ದುಡ್ಡೂ ಎಲ್ಲಿಯೂ ಒಂದಾಗಿಲ್ಲ, ಮನೆ ಒಬ್ಬರದು, ಇನ್ನೊಬ್ಬರು ಬಾಡಿಗೆದಾರರಂತೆ ಇದ್ದಾರೆ, ಇದು ಸಂಸಾರವೆಂದು ನಂಬಲು ಆಧಾರ ಸಾಲದು ಎಂದಿದ್ದರು ವೀಸಾದವರು. ಮೇಲ್ಮನವಿ ಹಾಕಿ ಎರಡು ವರ್ಷ ಕಾದ ಮೇಲೆ ಈಗ ದಿನ ಗೊತ್ತಾಗಿತ್ತು. ಅದೂ ಯಾವಾಗ? ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ಅಪರ್ಣಳ ಕೆಲಸ ಹೋಗಿದ್ದ ಹೊತ್ತಿನಲ್ಲಿ.

"ನಾನು ಹೋಗ್ತೀನಿ," ಎಂದರು ಸಾವಿತ್ರಮ್ಮ ಸಂಜೆ.

"ಹೋಗು. ಅನ್ನ ಮಾಡ್ಕೊಳ್ಳೋಕೆ ಬರತ್ತೆ ನಂಗೆ," ಎಂದರು ಶ್ರೀಪತಿ.

*

ಕ್ಲೈಡ್ ನಾರ್ತ್‌ನ ಆ ಬೀದಿಯಲ್ಲಿ ಮರಗಳು ಇನ್ನೂ ಊರುಗೋಲಿಗೆ ಕಟ್ಟಿದ ಕಡ್ಡಿಗಳು. ಗಾಳಿ ಬೀಸಿದರೆ ಎದುರುಮನೆಯ ಕಸದ ಬುಟ್ಟಿ ಇವರ ಬಾಗಿಲಿಗೆ ಬರುತ್ತಿತ್ತು. ಸಾವಿತ್ರಮ್ಮ ಹೋದ ಮಾರನೆಯ ದಿನದಿಂದಲೇ ಅಡಿಗೆಮನೆ ಹಿಡಿದರು. ಸುದರ್ಶನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ತನ್ನ ಡಬ್ಬಿ ತಾನೇ ಕಟ್ಟಿಕೊಂಡು, ಯೂಟ್ ಎಂಬ ಪಿಕಪ್ ಗಾಡಿ ಸ್ಟಾರ್ಟ್ ಮಾಡಿ ಹೋಗುತ್ತಿದ್ದ. ಅಪರ್ಣ ಲ್ಯಾಪ್‌ಟಾಪಿನ ಮುಂದೆ ಕೂತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಮಾತೆತ್ತಿದರೆ ಸಿಡಿಯುತ್ತಿದ್ದಳು.

"ಆದ್ಯಾ, ತಟ್ಟೆ ಎತ್ತಿಡು."

"ಇನ್ ಅ ಮಿನಿಟ್, ಮಮ್ಮಾ."

"ಈಗ!"

"ಐ ಸೆಡ್ ಇನ್ ಅ ಮಿನಿಟ್! ಯೂ ಆರ್ ಆಲ್ವೇಸ್ ಯೆಲ್ಲಿಂಗ್!"

"ಅವಳ ಮೇಲೆ ಯಾಕೆ ಹಾಯ್ತೀಯ?" ಎಂದರು ಸಾವಿತ್ರಮ್ಮ.

"ನೀನು ಸುಮ್ನಿರಮ್ಮ. ಸುದಿ ಇಲ್ಲಿಂದ ಹೋಗ್ಬೇಕಾಗಿ ಬಂದ್ರೆ ಇವಳಿಗೆ ಯಾರು ಹೇಳೋದು? ನೀನು ಹೇಳ್ತೀಯಾ? ಅಪ್ಪ ಹೇಳ್ತಾರಾ?"

ಆ ವಾರವೇ ಲಾಯರ್ ಸಂಧ್ಯಾರಾಣಿ ವಿಡಿಯೊ ಕಾಲ್ ಮಾಡಿದಳು. ಬೆಂಗಳೂರಿನ ಹುಡುಗಿ, ಮಾತು ಚುರುಕು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂವರೂ ಕೂತರು.

"ಅಪರ್ಣಂಗೆ ಈಗ ಕೆಲಸ ಇಲ್ಲ. ಸ್ಪಾನ್ಸರ್ ಮಾಡೋರಿಗೆ ಇಷ್ಟು ಇನ್‌ಕಮ್ ಇರಲೇಬೇಕು ಅಂತ ಇದೆಯಂತಲ್ಲಮ್ಮ?" ಸಾವಿತ್ರಮ್ಮ ಮೊದಲು ಕೇಳಿದ್ದೇ ಅದು. ಗಂಡ ಹಾಗೆಂದು ಹೇಳಿ ಕಳಿಸಿದ್ದರು.

"ಅದು ಇಂಗ್ಲೆಂಡ್‌ನಲ್ಲಿ ಆಂಟಿ. ಇಲ್ಲಿ ಪಾರ್ಟ್‌ನರ್ ವೀಸಾಗೆ ಆ ಥರ ಇಲ್ಲ. ಎಷ್ಟು ದುಡೀತೀರಿ ಅಂತಲ್ಲ, ದುಡಿದಿದ್ದನ್ನ ಹೇಗೆ ಹಂಚ್ಕೊಂಡು ಬದುಕ್ತೀರಿ ಅಂತ ನೋಡ್ತಾರೆ. ಈಗ ಮನೆ ಮಾರ್ಟ್‌ಗೇಜ್ ಕಂತು ಯಾರು ಕಟ್ತಿರೋದು?"

"ನನ್ನ ಕೆಲಸ ಹೋದಾಗಿಂದ ಸುದಿನೇ," ಎಂದಳು ಅಪರ್ಣ.

"ಗುಡ್. ಆದ್ರೆ ಕೇಸ್ ಹತ್ರ ಬಂತು ಅಂತ ಕಟ್ತಿದಾರೆ ಅಂತಾನೂ ಅನ್ಬಹುದು. ಅದಕ್ಕೇ ಹಳೇ ದಿನಗಳ ಬಗ್ಗೆ ಕೇಳ್ತಾರೆ. ಯಾವಾಗಾದ್ರೂ ನೀವಿಬ್ರೂ ಬೇರೆ ಬೇರೆ ಇದ್ರಾ? ಇದ್ದಿದ್ರೆ ನಂಗೆ ಈಗಲೇ ಹೇಳಿ. ಅಲ್ಲಿ ಹೊರಗೆ ಬಂದ್ರೆ ನಾನೇನೂ ಮಾಡೋಕಾಗಲ್ಲ."

"ಇಲ್ಲ," ಎಂದಳು ಅಪರ್ಣ.

ಸುದರ್ಶನ ತನ್ನ ಉಗುರಿನ ಸಂದಿಯ ಗ್ರೀಸನ್ನು ನೋಡುತ್ತ ಕೂತಿದ್ದ. ಸಾವಿತ್ರಮ್ಮ ತಟಕ್ಕನೆ ಮಗಳ ಮುಖ ನೋಡಿದರು.

ಏಕೆಂದರೆ ಬೇರೆ ಇದ್ದದ್ದು ನಿಜ, ಮತ್ತು ಅದನ್ನು ಅವರು ಕಣ್ಣಾರೆ ಕಂಡಿದ್ದರು. ಹಿಂದಿನ ವರ್ಷ ಆದ್ಯಾಳ ಹುಟ್ಟುಹಬ್ಬಕ್ಕೆ ಶ್ರೀಪತಿ, ಸಾವಿತ್ರಮ್ಮ ಇಬ್ಬರೂ ಸಿಡ್ನಿಯಿಂದ ಬಂದಿದ್ದರು. ಬಂದ ನೆಂಟರ ಮುಂದೆ, ಕೇಕು ಹಂಚುವ ಹೊತ್ತಿನಲ್ಲಿ, ಶ್ರೀಪತಿ ತಣ್ಣಗೆ ಅಂದಿದ್ದರು: "ಪಿಆರ್ ಬರೋ ತನಕ ಇರ್ತೀರಲ್ಲ, ಬಾಡಿಗೆ ಅಂತ ಏನಾದರೂ ಕೊಡಬಹುದಲ್ಲ ನೀವು?" ಸುದರ್ಶನ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಎಲ್ಲರೂ ಹೋಗುವವರೆಗೆ ಕಾದು, ಪಾತ್ರೆ ತೊಳೆದು, ಬಟ್ಟೆ ತುಂಬಿಕೊಂಡು ಡ್ಯಾಂಡೆನಾಂಗ್‌ನ ಗೆಳೆಯನ ರೂಮಿಗೆ ಹೋದ. ಮಾರನೆಯ ದಿನ ಶ್ರೀಪತಿ ಸಿಡ್ನಿಗೆ ವಾಪಸಾದರು. ಮಗಳ ಮುಖ ನೋಡಿ ಸಾವಿತ್ರಮ್ಮ ಉಳಿದುಕೊಂಡರು. ಎರಡು ತಿಂಗಳಿಗೂ ಮೇಲೆ ಸುದರ್ಶನ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಭಾನುವಾರ ಸುದರ್ಶನ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಾಗ ಸಾವಿತ್ರಮ್ಮ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತ ಪಕ್ಕದಲ್ಲಿ ನಿಂತರು. ಅಪರ್ಣ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು.

"ಸುದರ್ಶನ್, ಆ ಡ್ಯಾಂಡೆನಾಂಗ್ ವಿಷಯ ಲಾಯರಿಗೆ ಹೇಳೋದು ಒಳ್ಳೇದಲ್ವಾ?"

"ಹೇಳಬ್ಯಾಡ್ರಿ ಅತ್ತಿಯವರ."

"ಯಾಕೆ? ಹೆದರಿಕೇನಾ?"

"ಅಪರ್ಣಾಗ ಹೆದರಿಕಿ ಐತ್ರಿ. ನನಗ ಅದಲ್ಲ." ಅವನು ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದ. "ಯಾಕ ಹೋದಿ ಅಂತ ಕೇಳ್ತಾರ. ಮಾವಾರು ಹಿಂಗಂದ್ರು ಅಂತ ಹೇಳಬೇಕಾಗತೈತಿ. ಅದೆಲ್ಲಾ ರೆಕಾರ್ಡ್ ಆಗತೈತ್ರಿ. ದೊಡ್ಡ ಡಾಕ್ಟರ್ ಅವರು. ಅವರ ಮರ್ಯಾದಿ ತಗದು ನಾ ವೀಸಾ ತಗೊಳ್ಳೂದು ಬ್ಯಾಡ."

"ಅವರು ನಿಮ್ಮ ಮರ್ಯಾದೆ ತೆಗೆದಾಗ?"

"ಅದು ಆಗಿ ಹೋತಲ್ರಿ," ಎಂದು ಅವನು ಮುಂದಿನ ಉಂಡೆ ಎತ್ತಿಕೊಂಡ.

*

ಹಿಯರಿಂಗಿಗೆ ಎರಡು ದಿನ ಮೊದಲು, ಯಾರೂ ಕರೆಯದೆ, ಶ್ರೀಪತಿ ವಿಮಾನ ಹತ್ತಿ ಬಂದುಬಿಟ್ಟರು. ಸಾಕ್ಷಿ ಹೇಳುವುದಿಲ್ಲ, ಆದರೆ ಬಂದು ಕೂರುತ್ತೇನೆ ಎಂದರು. ಸಂಜೆ ಊಟಕ್ಕೆ ಕೂತಾಗ ಹುಳಿಯನ್ನ ಮುಗಿದ ಮೇಲೆ ಮಾತು ತೆಗೆದವರು ಶ್ರೀಪತಿಯೇ.

"ನಾನೊಂದು ಯೋಚನೆ ಮಾಡಿದೀನಿ. ಕೇಸ್ ವಾಪಸ್ ತಗೊಳ್ಳಿ. ಅವರು ಊರಿಗೆ ಹೋಗಲಿ, ಅಲ್ಲಿಂದಲೇ ಮತ್ತೆ ಅಪ್ಲೈ ಮಾಡಲಿ. ಮನಸ್ಸಿದ್ರೆ ಒಂದು ವರ್ಷ ಕಾಯೋದು ದೊಡ್ಡದಲ್ಲ."

"ಎದುರಿಗೇ ಕೂತಿದಾನೆ. 'ಅವರು' ಅಂತ ಯಾಕಂತೀರಿ? ಅವನಿಗೇ ಹೇಳಿ," ಎಂದಳು ಅಪರ್ಣ.

"ನಿನ್ನ ಒಳ್ಳೇದಕ್ಕೆ ಹೇಳ್ತಿರೋದು."

"ನನ್ನ ಒಳ್ಳೇದಕ್ಕೆ ಅಂತ ಜಾಯಿಂಟ್ ಅಕೌಂಟ್ ಬೇಡ ಅಂದ್ರಿ. ವೀಸಾದವರು ರಿಜೆಕ್ಟ್ ಮಾಡಿದ್ದೇ ಅದಕ್ಕೆ! ಇನ್ನೂ ಎಷ್ಟು ಒಳ್ಳೇದು ಮಾಡ್ತೀರಿ?"

"ಅಪರ್ಣಾ, ಆತು ಬಿಡು," ಎಂದ ಸುದರ್ಶನ ಮೆಲ್ಲಗೆ.

"ನೀನ್ಯಾಕೆ ಯಾವಾಗ್ಲೂ ಬಿಡು ಬಿಡು ಅಂತೀಯ? ಒಂದ್ಸಲನಾದ್ರೂ ಬಾಯಿ ಬಿಡೋ!"

ಆದ್ಯಾ ಕುರ್ಚಿ ಹಿಂದೆ ತಳ್ಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನೋಡಿ," ಎಂದರು ಶ್ರೀಪತಿ, ಕೈ ಒಣಗಿಸಿಕೊಂಡು ಕೂತು, "ನಾನು ಕೇಳೋದು ಸಿಂಪಲ್ ಪ್ರಶ್ನೆ. ಸಂಸಾರ ಅಂತ ನಂಬೋಕೆ ಆಧಾರ ಎಲ್ಲಿದೆ? ಗವರ್ನಮೆಂಟೂ ಅದನ್ನೇ ಕೇಳಿದೆ."

"ನಮ್ಮದಕ್ಕೆ ಎಲ್ಲಿದೆ?" ಎಂದರು ಸಾವಿತ್ರಮ್ಮ.

ಎಲ್ಲರೂ ಅವರ ಕಡೆ ತಿರುಗಿದರು.

"ಏನು ನಮ್ಮದಕ್ಕೆ?"

"ಪೆನಂಟ್ ಹಿಲ್ಸ್ ಮನೆ ನಿಮ್ಮ ಹೆಸರಲ್ಲಿ. ಬ್ಯಾಂಕು ನಿಮ್ಮ ಹೆಸರಲ್ಲಿ. ಕರೆಂಟ್ ಬಿಲ್ಲು, ಕಾರು ಎಲ್ಲಾ ನಿಮ್ಮದೇ. ನನ್ನ ಕಾರ್ಡಿಗೆ ನೀವು ತಿಂಗಳಿಗೊಂದ್ಸಲ ಹಾಕ್ತೀರಿ. ಆ ಆಫೀಸಿನೋರು ನಮ್ಮನ್ನ ನೋಡಿದ್ರೆ ಏನಂತಾರೆ? ನಾನೂ ನಿಮ್ಮ ಮನೇಲಿ ಬಾಡಿಗೆಗಿದೀನಿ ಅಂತಾರಾ, ಅಡಿಗೆಯವಳು ಅಂತಾರಾ?"

"ಏನು ಮಾತಾಡ್ತಿದೀಯ ಸಾವಿತ್ರಿ! ನಲವತ್ತು ವರ್ಷದ ಮದುವೆ!"

"ಆಧಾರ ಕೇಳಿದ್ರಲ್ಲ, ಅದಕ್ಕೆ ಹೇಳಿದೆ."

ಶ್ರೀಪತಿ ಎದ್ದು ಕೈ ತೊಳೆಯಲು ಹೋದರು. ಅಂದು ಮೊಸರನ್ನ ಹಾಗೆಯೇ ಉಳಿಯಿತು.

*

ಹಿಯರಿಂಗ್ ದಿನ ಯೂಟಿನಲ್ಲಿ ಎಲ್ಲರಿಗೂ ಜಾಗವಿಲ್ಲವೆಂದು ಕ್ರಾನ್‌ಬರ್ನ್ ಸ್ಟೇಷನ್ನಿನಿಂದ ರೈಲಿನಲ್ಲಿ ಸಿಟಿಗೆ ಹೋದರು. ಆದ್ಯಾ ಶಾಲೆಗೆ ಹೋಗಿದ್ದಳು. ಸಾಕ್ಷಿಯಾದ್ದರಿಂದ ಸಾವಿತ್ರಮ್ಮ ತಮ್ಮ ಸರದಿ ಬರುವವರೆಗೆ ಹೊರಗೆ ಕೂರಬೇಕಾಯಿತು. ಶ್ರೀಪತಿ ಒಳಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತರು. ಮೊದಲು ಸುದರ್ಶನನನ್ನು ಒಬ್ಬನನ್ನೇ ಕೇಳಿದರು. ಆಮೇಲೆ ಅವನನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅಪರ್ಣಳನ್ನು ಕರೆದರು. ಬಹಳ ಹೊತ್ತಾಯಿತು. ಕಡೆಗೆ ಬಾಗಿಲು ತೆರೆದು ಅಲ್ಲಿನ ಹುಡುಗಿ ಸಾವಿತ್ರಮ್ಮನ ಹೆಸರು ಕರೆದಳು.

ಒಳಗೆ ಸುದರ್ಶನನನ್ನೂ ವಾಪಸ್ ಕರೆತಂದು ಕೂರಿಸಿದ್ದರು. ಅಪರ್ಣಳ ಮುಖದಲ್ಲಿ ರಕ್ತವೇ ಇರಲಿಲ್ಲ. ಸಂಧ್ಯಾರಾಣಿ ಪೆನ್ನು ಕೆಳಗಿಟ್ಟು ಮೇಜು ನೋಡುತ್ತಿದ್ದಳು. ಏನೋ ಕೆಟ್ಟಿದೆ ಎಂದು ಸಾವಿತ್ರಮ್ಮನಿಗೆ ತಿಳಿಯಿತು.

ವಿಚಾರಣೆ ನಡೆಸುವ ಮೆಂಬರ್ ನರೆಗೂದಲಿನ ಹೆಂಗಸು. ಸಾವಿತ್ರಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಇಂಥ ಜಾಗದಲ್ಲಿ ನಾಲಿಗೆ ತೊಡರಬಹುದೆಂದು ಕನ್ನಡದಲ್ಲೇ ಹೇಳುತ್ತೇನೆ ಎಂದಿದ್ದರು. ಬ್ರಿಸ್ಬೇನ್‌ನಿಂದ ಒಬ್ಬ ದುಭಾಷಿ ಹೆಂಗಸು ಫೋನಿನಲ್ಲಿದ್ದಳು. ನಿಜ ಹೇಳುತ್ತೇನೆ ಎಂಬ ಪ್ರಮಾಣವಾಯಿತು. ಮದುವೆ, ಮನೆ, ಹಬ್ಬದ ಬಗ್ಗೆ ಒಂದೆರಡು ಸುಲಭದ ಪ್ರಶ್ನೆಗಳಾದವು. ಆಮೇಲೆ ಮೆಂಬರ್ ಕನ್ನಡಕ ತೆಗೆದರು.

ದುಭಾಷಿಯ ದನಿ ಹೇಳಿತು: "ಕಳೆದ ವರ್ಷ ಕೆಲವು ವಾರ ನಿಮ್ಮ ಅಳಿಯನ ಕೆಲಸದ ದಾಖಲೆಯಲ್ಲಿ ಡ್ಯಾಂಡೆನಾಂಗ್ ವಿಳಾಸ ಇದೆ. ಓವರ್‌ಟೈಮ್ ಇತ್ತು, ಹತ್ತಿರ ಅಂತ ಇದ್ದೆ ಅಂದ್ರು ಅವರು. ಗೆಳೆಯನಿಗೆ ಹುಷಾರಿರಲಿಲ್ಲ, ನೋಡ್ಕೊಳ್ಳೋಕೆ ಹೋಗಿದ್ರು ಅಂದ್ರು ನಿಮ್ಮ ಮಗಳು. ನಿಮಗೇನು ಗೊತ್ತು?"

ಅಪರ್ಣ ತಲೆಯನ್ನು ಕಂಡೂ ಕಾಣದ ಹಾಗೆ ಅಲ್ಲಾಡಿಸಿದಳು. ಸುದರ್ಶನ ಕಣ್ಣು ಮುಚ್ಚಿದ್ದ. ಹಿಂದಿನ ಸಾಲಿನಲ್ಲಿ ಶ್ರೀಪತಿ ತಮ್ಮ ಬೂಟು ನೋಡುತ್ತಿದ್ದರು. ಮಗಳು ಹೇಳಿದ್ದನ್ನೇ ಹೇಳಿದರೆ ಅಳಿಯ ಸುಳ್ಳನಾಗುತ್ತಾನೆ. ಅಳಿಯ ಹೇಳಿದ್ದನ್ನು ಹೇಳಿದರೆ ಮಗಳು ಸುಳ್ಳಿಯಾಗುತ್ತಾಳೆ. ಸಾವಿತ್ರಮ್ಮ ಫೋನಿನ ಕಡೆ ಬಾಗಿದರು.

"ಎರಡೂ ಅಲ್ಲ. ನಮ್ಮನೆಯವರು ಅವರಿಗೆ ಒಂದು ಮಾತಂದ್ರು. ಅದಕ್ಕೆ ಮನೆ ಬಿಟ್ಟು ಹೋದ್ರು."

ದುಭಾಷಿ ತಡೆದಳು. "ಮನೆಯವರು ಅಂದ್ರೆ ಯಾರು ಮೇಡಂ? ಕುಟುಂಬದವರೆಲ್ಲಾನಾ?"

ಸಾವಿತ್ರಮ್ಮ ಹಿಂದಿನ ಸಾಲಿನ ಕಡೆ ತಿರುಗಿ ನೋಡಿದರು.

"ನನ್ನ ಗಂಡ," ಎಂದರು. "ಪಿಆರ್ ಬರೋ ತನಕ ಇರ್ತೀರಲ್ಲ, ಬಾಡಿಗೆ ಕೊಡಿ ಅಂದ್ರು. ಎಲ್ಲರ ಎದುರಿಗೆ."

ಆ ಮಾತು ಬೇರೆಯವಳ ಬಾಯಿಂದ ಇಂಗ್ಲಿಷಿನಲ್ಲಿ ಹೊರಬಂದಾಗ ಇನ್ನೂ ಒರಟಾಗಿ ಕೇಳಿತು.

"ಅಂದರೆ ಆಗ ಅವರಿಬ್ಬರೂ ಬೇರೆಯಾಗಿದ್ದರು?"

"ಬೇರೆ ಮಲಗ್ತಿದ್ರು. ಬೇರೆಯಾಗಿರಲಿಲ್ಲ. ದಿನಾ ಸಾಯಂಕಾಲ ಕೆಲಸ ಮುಗಿಸಿ ಮನೆ ಮುಂದೆ ಗಾಡಿ ನಿಲ್ಲಿಸೋರು. ಒಳಗೆ ಬರ್ತಿರಲಿಲ್ಲ. ನಾನು ಮೂರು ತಟ್ಟೆಗೆ ಬಡಿಸಿ ಕೊಡ್ತಿದ್ದೆ. ಮಗಳು, ಮೊಮ್ಮಗಳು ಹೊರಗೆ ಹೋಗಿ ಆ ಗಾಡಿಯಲ್ಲೇ ಕೂತು ಅವರ ಜೊತೆ ಊಟ ಮಾಡೋರು. ಮಳೆ ಬಂದ್ರೂ ಅಲ್ಲೇ. ಮೊಮ್ಮಗಳ ಲೆಕ್ಕ ಅಲ್ಲೇ ಹೇಳಿಕೊಡೋರು."

"ಮತ್ತೆ ಮನೆಗೆ ಬಂದದ್ದು ಹೇಗೆ?"

"ಮಗುವಿಗೆ ಜ್ವರ ಬಂತು. ಗಾಡಿಯಲ್ಲೇ ವಾಂತಿ ಮಾಡ್ಕೊಂಡಳು. ಎತ್ತಿಕೊಂಡು ಒಳಗೆ ಬಂದ್ರು. ಅವಳು ಅವರ ಶರ್ಟು ಬಿಡಲಿಲ್ಲ. ಆಮೇಲೆ ವಾಪಸ್ ಹೋಗಲಿಲ್ಲ."

ಮೆಂಬರ್ ಬರೆದುಕೊಂಡರು. ಕುರ್ಚಿ ಸರಿದ ಸದ್ದಾಯಿತು. ಶ್ರೀಪತಿ ಎದ್ದು ನಿಂತಿದ್ದರು.

ತಾವು ಸಾಕ್ಷಿಯಲ್ಲ, ಮಾತಾಡುವುದಿದ್ದರೆ ಮುಂದೆ ಬಂದು ಪ್ರಮಾಣ ಮಾಡಬೇಕು ಎಂದರು ಮೆಂಬರ್. ಶ್ರೀಪತಿ ಮುಂದೆ ಬಂದರು. ಹೆಂಡತಿ ಎದ್ದ ಕುರ್ಚಿಯಲ್ಲಿ ಕೂತು ಪ್ರಮಾಣ ಮಾಡಿ, ಇಂಗ್ಲಿಷಿನಲ್ಲಿ, ರೋಗಿಯ ವಿಷಯ ಹೇಳುವ ಅದೇ ದನಿಯಲ್ಲಿ, "ಆ ಮಾತು ಹೇಳಿದ್ದು ನಾನೇ," ಎಂದರು.

"ಇದು ನಿಜವಾದ ಮದುವೆ ಎಂದು ನೀವು ನಂಬುತ್ತೀರಾ ಡಾಕ್ಟರ್?"

"ಆ ಮನುಷ್ಯನನ್ನು ನಾನು ನಂಬಿದವನಲ್ಲ. ಈಗಲೂ ಪೂರ್ತಿ ನಂಬಿದ್ದೇನೆ ಅಂದರೆ ಸುಳ್ಳಾಗುತ್ತದೆ. ಆದರೆ ಆ ದಿನಗಳಲ್ಲಿ ನನ್ನ ಮಗಳು ನನ್ನ ಫೋನ್ ಎತ್ತಲಿಲ್ಲ. ಅವಳು ಗಾಡಿಯಲ್ಲಿ ಕೂತು ಊಟ ಮಾಡುತ್ತಿದ್ದಳು ಅನ್ನೋದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ." ಇನ್ನೇನೋ ಹೇಳಲು ಹೊರಟು ನಿಲ್ಲಿಸಿದರು. "ಅಷ್ಟೇ."

*

ವಾಪಸ್ ಬರುವಾಗ ರೈಲಿನಲ್ಲಿ ಅಪರ್ಣ ತಾಯಿಯ ಪಕ್ಕ ಕೂರಲಿಲ್ಲ. ಮನೆ ಸೇರಿ ಚಪ್ಪಲಿ ಬಿಡುವಾಗ, "ನನ್ನನ್ನ ಅವರ ಎದುರಿಗೆ ಸುಳ್ಳಿ ಮಾಡಿಬಿಟ್ಟೆ ಅಮ್ಮ. ಸುದಿನ ಕಳಿಸಿಬಿಟ್ರೆ ಅದು ನಿನ್ನಿಂದ," ಎಂದಳು. ಸುದರ್ಶನ ಮಾವನ ಸೂಟ್‌ಕೇಸನ್ನು ಯೂಟಿಗೆ ಹಾಕಿ ಇಬ್ಬರನ್ನೂ ಏರ್‌ಪೋರ್ಟಿಗೆ ಬಿಟ್ಟು ಬಂದ.

ಸಿಡ್ನಿಯಲ್ಲಿ ಆ ವಾರಗಳು ಕಳೆಯುವುದೇ ಕಷ್ಟವಾಯಿತು. ಅಪರ್ಣ ಫೋನ್ ಮಾಡಲಿಲ್ಲ. ಆದ್ಯಾ ಮಾತ್ರ ಒಮ್ಮೊಮ್ಮೆ ಮೆಸೇಜು ಕಳಿಸುತ್ತಿದ್ದಳು. ಸಾವಿತ್ರಮ್ಮ ಅಡಿಗೆ ಮಾಡುವುದು, ಬಡಿಸುವುದು, ಬಟ್ಟೆ ಮಡಿಸುವುದು ಯಾವುದನ್ನೂ ಬಿಡಲಿಲ್ಲ. ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ. ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಶ್ರೀಪತಿ, "ಬ್ಯಾಂಕಿಗೆ ಹೋಗಿ ನಿನ್ನ ಹೆಸರೂ ಸೇರಿಸಿ ಬರೋಣವಾ?" ಎಂದರು.

"ಯಾರಿಗೆ ತೋರಿಸೋಕೆ?" ಎಂದರು ಸಾವಿತ್ರಮ್ಮ.

ಶ್ರೀಪತಿ ಲೋಟ ತಾವೇ ತೊಳೆದಿಟ್ಟರು.

ತೀರ್ಪಿನ ಸುದ್ದಿ ಹೇಳಿದವನು ಸುದರ್ಶನ. ವರ್ಕ್‌ಶಾಪಿನಿಂದಲೇ ಫೋನ್ ಮಾಡಿದ್ದ, ಹಿಂದೆ ಲಾರಿಯೊಂದು ಗುರುಗುಟ್ಟುತ್ತಿತ್ತು. "ಅತ್ತಿಯವರ, ಕೇಸು ನಮ್ಮ ಕಡೆ ಆತ್ರಿ. ಮತ್ತ ನೋಡ್ರಿ ಅಂತ ವೀಸಾದವರಿಗೆ ವಾಪಸ್ ಕಳಿಸ್ಯಾರ. ಗಂಡ ಹೆಂಡ್ತಿ ಹೌದು ಅಂತ ಒಪ್ಪಿಕೊಂಡಾರ." ಅವನ ದನಿ ಒಡೆಯಿತು. "ನಿಮ್ಮ ಮಾತು ನಂಬಿದ್ರಂತ್ರಿ. ನಮ್ಮದು ನಂಬಲಿಲ್ಲಂತ."

ಸಂಜೆ ಅಪರ್ಣ ಫೋನ್ ಮಾಡಿದಳು. ಅಮ್ಮಾ ಎಂದವಳು ಮುಂದೆ ಮಾತಾಡಲಾರದೆ ಅತ್ತಳು. ಸಾವಿತ್ರಮ್ಮನೂ ಅತ್ತರು. ಶ್ರೀಪತಿ ಟಿಕೆಟ್ ಬುಕ್ ಮಾಡಲು ಕೂತರು.

ಆ ಶನಿವಾರ ಕ್ಲೈಡ್ ನಾರ್ತ್‌ನಲ್ಲಿ ಐವರೂ ಮೇಜಿನ ಸುತ್ತ ಕೂತಿದ್ದರು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಸಾವಿತ್ರಮ್ಮನ ತೊವ್ವೆ. ಶ್ರೀಪತಿ ಗಂಟಲು ಸರಿಮಾಡಿಕೊಂಡರು.

"ಲಾಯರ್ ಫೀಸು ಪೂರ್ತಿ ನಾನು ಕೊಡ್ತೀನಿ. ನಾಳೆನೇ ಹಾಕಿಬಿಡ್ತೀನಿ."

"ಬ್ಯಾಡ್ರಿ ಮಾವಾರ," ಎಂದ ಸುದರ್ಶನ.

"ಬೇಡ ಅಂದ್ರೆ ಹೇಗೆ? ನನ್ನಿಂದ ಆದ ಖರ್ಚು."

"ಬ್ಯಾಡಂದ್ರ ಬ್ಯಾಡ್ರಿ!" ಅವನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಬಿಟ್ಟು ಎದ್ದು ನಿಂತ. ಆ ಮನೆಯಲ್ಲಿ ಅಷ್ಟು ದೊಡ್ಡ ದನಿ ಅವನದೆಂದು ಯಾರೂ ಕೇಳಿರಲಿಲ್ಲ. "ಮದುವಿ ಆದಾಗಿಂದ ಬಾಯಿ ಹೊಲಕೊಂಡು ಕುಂತೀನಿ. ನಕ್ಕರೂ ವೀಸಾಕ್ಕ, ಸುಮ್ನಿದ್ರೂ ವೀಸಾಕ್ಕ, ಪಾತ್ರಿ ತೊಳದ್ರೂ ವೀಸಾಕ್ಕ ಅಂತ ತಿಳಕೊಂಡ್ರಿ. ಸಿಟ್ಟು ಬಂದ್ರ ಸಿಟ್ಟು ಮಾಡೂ ಹಂಗಿರಲಿಲ್ಲ. ಈಗ ರೊಕ್ಕ ಕೊಟ್ಟು ಮುಗಿಸಿಬಿಡ್ತೀರೇನು?"

"ಏನಯ್ಯಾ, ನನ್ನ ಮೇಲೇ ಕೂಗಾಡ್ತೀಯ?" ಶ್ರೀಪತಿಯೂ ಎದ್ದರು. "ಮನೆ ಡಿಪಾಸಿಟ್ ಕೊಟ್ಟಾಗ ಈ ರೋಷ ಎಲ್ಲಿತ್ತು ನಿಂದು?"

"ನನ್ನ ಕೇಳಿ ಕೊಟ್ರೇನು? ಬ್ಯಾಡಂತಿದ್ದೆ! ನಾವು ಬಾಡಿಗಿ ಮನ್ಯಾಗ ಆರಾಮಿದ್ವಿ!"

"ಆರಾಮಿದ್ರಂತೆ! ಆ ಗೂಡಲ್ಲಿ ನನ್ನ ಮೊಮ್ಮಗಳು ಓಡಾಡೋಕೆ ಜಾಗ ಇತ್ತೇನೋ?"

ಅಪರ್ಣ ನಡುವೆ ಹೋಗಲು ಎದ್ದಳು. ಸಾವಿತ್ರಮ್ಮ ಅವಳ ಮುಂಗೈ ಹಿಡಿದು ಕೂರಿಸಿದರು.

"ಅಜ್ಜಿ, ಶುಡ್ ವೀ ಸ್ಟಾಪ್ ದೆಮ್?" ಎಂದಳು ಆದ್ಯಾ, ಕಣ್ಣು ದೊಡ್ಡದು ಮಾಡಿ.

"ಬೇಡ ಪುಟ್ಟಿ. ನೀನು ತಿನ್ನು."

ಜಗಳ ಡಿಪಾಸಿಟ್‌ನಿಂದ ಹುಟ್ಟುಹಬ್ಬಕ್ಕೆ ಹೋಯಿತು, ಅಲ್ಲಿಂದ ಶ್ರೀಪತಿ ಬಾರದೆ ಹೋದ ಮದುವೆಗೆ, ಅಲ್ಲಿಂದ ಮನೆ ಕಟ್ಟಿದವನು ಹಾಕಿದ ಕಳಪೆ ನಲ್ಲಿಗೆ. ಸುದರ್ಶನನ ಕಣ್ಣಲ್ಲಿ ನೀರಿತ್ತು, ದನಿ ಇಳಿಯಲಿಲ್ಲ. ಕಡೆಗೆ ಅವನೇ ಸುಸ್ತಾಗಿ ಹಂಚಿನ ಕಡೆ ತಿರುಗಿದ.

"ಎಲ್ಲಿಗೆ ಹೋಗ್ತೀಯ?" ಎಂದರು ಶ್ರೀಪತಿ. ಕಾಲಿನಿಂದ ಕುರ್ಚಿಯನ್ನು ಅವನ ಕಡೆ ತಳ್ಳಿ, ತಾವೂ ಕೂತು, ರೊಟ್ಟಿಯೊಂದನ್ನು ಮುರಿದರು. "ಕೂತ್ಕೋ. ನನ್ನ ಮಾತಿನ್ನೂ ಮುಗಿದಿಲ್ಲ."

ಸುದರ್ಶನ ಕೂತ.